ಚೀಟಿಯ ಹಿಂಬದಿ

ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯಲ್ಲಿ
ಮಾತ್ರೆ ಎರಡು, ಬೆಳಿಗ್ಗೆ ಒಂದು ರಾತ್ರಿ ಒಂದು.
ಮೂರನೆಯ ಸಾಲಿಗೆ ಔಷಧದ ಹೆಸರಿಲ್ಲ:
ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.
ಮಾತ್ರೆ ಕೊಡುವ ಹುಡುಗ ಅದನ್ನೋದಿ
ಇದು ನಮ್ಮಲ್ಲಿ ಸ್ಟಾಕಿಲ್ಲ ಅಕ್ಕ, ಅಂದ.
ನಕ್ಕೆ. ನಗದೆ ಇನ್ನೇನು.

ಹನ್ನೊಂದು ವರ್ಷದಿಂದ ಕೂತಿದ್ದೇನೆ,
ಕೂತೇ ದುಡಿದಿದ್ದೇನೆ.
ಬಲಗಾಲೊಂದು ಪೆಡಲಿನ ಮೇಲೆ
ಗಂಟೆಗೆ ಎಂಬತ್ತು ಕಾಲರು.
ಅಷ್ಟು ಒತ್ತಿದ ಕಾಲು ಹಾಸನ ಬಿಟ್ಟು ಹೊರಟಿದ್ದರೆ
ಕಾಶಿ ಮುಟ್ಟಿ ವಾಪಸಾಗುತ್ತಿತ್ತು.
ಎಲ್ಲಿಗೂ ಹೋಗಲಿಲ್ಲ,
ಸೊಂಟಕ್ಕೆ ಬಂತು, ರಕ್ತಕ್ಕೆ ಬಂತು.

ಅವ್ವ ಗೊರೂರಿನ ಕಡೆಯವಳು.
ಸೊಪ್ಪಿನ ಬುಟ್ಟಿ ಹೊತ್ತು ಸಂತೆಗೆ ನಡೆದವಳು,
ಹಿಮ್ಮಡಿ ಒಡೆದು ನೆತ್ತರು ಬರುವ ತನಕ.
ಅವಳಿಗೆ ಯಾರೂ ನಡಿ ಅಂತ ಬರೆದುಕೊಡಲಿಲ್ಲ,
ಸಾಕು ನಿಲ್ಲು ಅನ್ನುವವರೂ ಇರಲಿಲ್ಲ.

ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೆ
ಬಿಳಿ ಬೂಟಿನವರು ಸುತ್ತು ಹಾಕುತ್ತಾರಂತೆ.
ಆರಕ್ಕೆ ನನ್ನ ಒಲೆಯ ಮೇಲೆ ಎಸರು ಕುದಿಯುತ್ತದೆ.
ಏಳೂವರೆಗೆ ಬಾಗಿಲಿಗೇ ಕಂಪನಿ ವ್ಯಾನು,
ಸಂಜೆ ಏಳಕ್ಕೆ ಬಾಗಿಲಿಗೇ.
ನಡುವೆ ನಡೆಯಲು ಇರುವುದು
ಮಿಷನ್ನಿನಿಂದ ನೀರಿನ ಡ್ರಮ್ಮಿಗೆ ಹದಿನಾಲ್ಕು ಹೆಜ್ಜೆ,
ಅದಕ್ಕೂ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ.

ನೂರ್‌ಜಾನಳೇ ದಾರಿ ಹುಡುಕಿದ್ದು:
ಬೈಪಾಸ್ ಹತ್ತಿರವೇ ಇಳಿದುಬಿಡೋಣ.
ಡ್ರೈವರ್ ಜಯರಂಗ ಬ್ರೇಕೊತ್ತಿ ತಿರುಗಿ ನೋಡಿದ.
ವ್ಯಾನು ಕೆಟ್ಟು ನಿಂತಾಗಲೂ ಇಳಿಯದವರು ನೀವು!

ನಾನು, ನೂರ್‌ಜಾನ್, ಚೂಡಾಮಣಿ.
ಮೊದಲ ದಿನ ಫುಟ್‌ಪಾತು ಹುಡುಕಿದೆವು.
ಅಲ್ಲಿ ಮರಳಿನ ರಾಶಿ, ಆಮೇಲೆ ಗೋಬಿ ಗಾಡಿ,
ಆಮೇಲೆ ಬಾಯಿ ತೆರೆದ ಚರಂಡಿ,
ಆಮೇಲೆ ಫುಟ್‌ಪಾತೇ ಇಲ್ಲ.
ಲಾರಿ ಸೆರಗನ್ನು ಎಳೆದುಕೊಂಡೇ ಹೋದಂತಾಯಿತು.

ಅದಕ್ಕಿಂತ ಪ್ರಶ್ನೆಗಳೇ ಜಾಸ್ತಿ.
ಯಾಕ್ರವ್ವಾ ನಡ್ಕೊಂಡು, ಕೆಲಸ ಹೋಯ್ತಾ?
ಮನೇಲಿ ಜಗಳಾನಾ?
ಸುಮ್ಮನೆ ನಡೆಯುವ ಹೆಂಗಸು
ಊರಿನ ಕಣ್ಣಿಗೆ ಅರ್ಥವಾಗದ ಲೆಕ್ಕ.
ಚೂಡಾಮಣಿ ಐದು ರೂಪಾಯಿಗೆ
ಒಂದು ಕಟ್ಟು ಕೊತ್ತಂಬರಿ ಕೊಂಡಳು.
ಕೈಯಲ್ಲದು ಇದ್ದರೆ ಯಾರೂ ಏನೂ ಕೇಳುವುದಿಲ್ಲ.
ಈಗ ಮೂವರ ಮನೆಯಲ್ಲೂ ದಿನಾ ಕೊತ್ತಂಬರಿ ಚಟ್ನಿ.

ಕಂಬ ಎಣಿಸಿದೆ. ಹತ್ತೊಂಬತ್ತು.
ಉರಿಯುವುದು ಏಳು.
ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಜೇಬಲ್ಲಿತ್ತು,
ಕಂಬಕ್ಕೆ ಗೆರೆ ಎಳೆದೆ;
ಪೆನ್ನು ಸಿಕ್ಕಮೇಲೆ ಚೀಟಿಯ ಹಿಂಬದಿಗೆ ಇಳಿಸಿದೆ.
ಹನ್ನೆರಡರಿಂದ ಹದಿನೈದರ ತನಕ ಕಗ್ಗತ್ತಲು, ನಾಯಿ.
ಡಾಕ್ಟರಮ್ಮ ಹೇಳಿದ ಬಿರುಸು
ಅಲ್ಲಿ ತಾನಾಗಿಯೇ ಬರುತ್ತದೆ.

ಮೂರು ತಿಂಗಳಿಗೆ ಮತ್ತೆ ಆಸ್ಪತ್ರೆ.
ಸ್ವಲ್ಪ ಇಳಿದಿದೆ, ಭೇಷ್, ಅಂದರು.
ಚೀಟಿ ಮಗುಚಿ ಮೇಜಿನ ಮೇಲಿಟ್ಟೆ.
ಆ ಬದಿ ನೀವು ಬರೆದಿದ್ದೀರಿ, ಈ ಬದಿ ಯಾರು ಬರೆಯಬೇಕು?
ಕಾಲು ನಂದು ಡಾಕ್ಟರಮ್ಮ,
ದಾರಿ ನಂದಲ್ಲ.

ಅವರು ತುಂಬ ಹೊತ್ತು ನೋಡಿದರು.
ಹೊರಗೆ ಸಾಲಿನಲ್ಲಿ ಇನ್ನೂ ಅರವತ್ತು ಮಂದಿ,
ಅರವತ್ತು ಚೀಟಿಗೂ ಅದೇ ಮೂರನೆಯ ಸಾಲು.
ಕೊನೆಗೆ ಹಿಂಬದಿಗೂ ಮೊಹರು ಒತ್ತಿದರು.

ಅರ್ಧ ದಿನದ ಸಂಬಳ ಬಿಟ್ಟು ಕಚೇರಿಗೆ ಹೋದೆವು.
ಗುಮಾಸ್ತ ತಿರುಗಿಸಿ ಮುರುಗಿಸಿ ನೋಡಿ
ಇದು ಆಸ್ಪತ್ರೆ ಚೀಟಿ ಕಣಮ್ಮ,
ಇಲ್ಲಿ ಬೀದಿ ದೀಪದ ವಿಭಾಗ.
ನೂರ್‌ಜಾನ್ ಬಗ್ಗಿ ಮೆಲ್ಲಗೆ ಹೇಳಿದಳು:
ನಮ್ಮ ಸಕ್ಕರೆ ಇಳಿಯೋದು ಅಲ್ಲೇ ಸಾರ್,
ನಿಮ್ಮ ಕಂಬದ ಬುಡದಲ್ಲಿ.

ಈಗ ಬೈಪಾಸಿನಲ್ಲಿ ಒಂಬತ್ತು ಜನ ಇಳಿಯುತ್ತೇವೆ.
ಜಯರಂಗ ಬೈಯುವುದು ಬಿಟ್ಟಿದ್ದಾನೆ,
ಹೊಟ್ಟೆ ಸವರಿಕೊಳ್ಳುತ್ತಾನೆ.
ಹನ್ನೆರಡನೆಯ ಕಂಬಕ್ಕೆ ಬೆಳಕು ಬಂತು ಮೊನ್ನೆ,
ಕೊತ್ತಂಬರಿಯವಳು ಗಾಡಿ ಅದರಡಿಗೇ ತಂದಿದ್ದಾಳೆ.
ಹದಿಮೂರು ಇನ್ನೂ ಕತ್ತಲು.
ಅಲ್ಲಿ ಕೈ ಕೈ ಹಿಡಿದು
ಬಿರುಸಾಗಿ ನಡೆಯುತ್ತೇವೆ.