ಮೂವತ್ತೊಂದನೇ ಮನೆ

ನನ್ನ ಕೈಯಲ್ಲಿ ಲೆಕ್ಕದ ಪುಸ್ತಕ.
ಅಕ್ಟೋಬರ್ ತಿಂಗಳು, ಮೂವತ್ತೊಂದು ಸಂಜೆ, ಮೂವತ್ತೊಂದು ಮನೆ,
ಒಬ್ಬಳೇ ಮಾತೆ.
ಲಿಂಗರಾಜಪುರದ ರೈಲುಹಳಿ ಕಡೆಯ ನಾಲ್ಕು ಗಲ್ಲಿಗಳಲ್ಲಿ
ಇವತ್ತು ಯಾರ ಮನೆಯಲ್ಲಿ ರಾತ್ರಿ ಕಳೆಯುತ್ತಾಳೆ ಅವಳು
ಅಂತ ಗೊತ್ತಿರುವುದು ದೇವರಿಗೆ, ಆಮೇಲೆ ನನಗೆ.

ಎರಡಡಿ ಎತ್ತರ, ಪ್ಲಾಸ್ಟರಿನ ಮೈ.
ನೀಲಿ ಮೇಲುದದ ಅಂಚಿಗೆ ಬಣ್ಣ ಬಳಿದವನು
ಆಟೋಗಳಿಗೆ ನಂಬರು ಬರೆಯುವ ಇನ್ನಾಸಪ್ಪ.
ಬಲಗೈಯ ಕಿರುಬೆರಳಿಲ್ಲ.
ಯಾರ ಮನೆಯಲ್ಲಿ ಮುರಿಯಿತೆಂದು ಎಲ್ಲರಿಗೂ ಗೊತ್ತು,
ಯಾರೂ ಹೇಳುವುದಿಲ್ಲ;
ಆ ಮನೆಯ ಹುಡುಗ ಈಗ ಪೂಜೆಯಲ್ಲಿ ಗಂಟೆ ಬಾರಿಸುತ್ತಾನೆ.

ಮೊದಲ ಪುಟದಲ್ಲೇ ಬರೆದಿದ್ದೇನೆ, ಕೆಂಪು ಇಂಕಿನಲ್ಲಿ:
ಟೀ ಬಿಸ್ಕತ್ತು ಸಾಕು. ತಿಂಡಿ ಬೇಡ.
ಮೂರನೇ ದಿನವೇ ರೆಜಿನಮ್ಮನ ಮನೆಯಲ್ಲಿ ಕೇಕು,
ನಾಲ್ಕಕ್ಕೆ ಜ್ಞಾನಮ್ಮನ ಮಸಾಲವಡೆ,
ಐದಕ್ಕೆ ಕಾಗದದ ತಟ್ಟೆಯಲ್ಲಿ ಪಲಾವು, ಮೇಲೊಂದು ಮೊಟ್ಟೆ.
ಆರರ ಬೆಳಿಗ್ಗೆಯೇ ಚೌರಪ್ಪ ಬಂದು ಗೇಟಿನಲ್ಲಿ ನಿಂತ,
"ಅಕ್ಕಾ, ನನ್ ದಿನಾನ ಸಂಬಳ ಆದ್ಮೇಲೆ ಹಾಕ್ತೀರಾ?"
ಗೆರೆ ಎಳೆದೆ, ಬಾಣ ಹಾಕಿದೆ.
ಮಾತೆ ಆ ಸಂಜೆ ಒಂದು ಮನೆ ದಾಟಿ ಮುಂದಕ್ಕೆ ಹೋದಳು.

ಜಪಸರದ ಐದು ಹತ್ತುಗಳು:
ಎರಡು ಕನ್ನಡ, ಎರಡು ತಮಿಳು, ಒಂದಕ್ಕೆ ಜಗಳ.
ಜಗಳದ ಹತ್ತನ್ನು ಕಿವಿ ಕೇಳದ ಅಂತೋಣಜ್ಜ ಎತ್ತಿಕೊಳ್ಳುತ್ತಾನೆ;
ಹಲ್ಲಿಲ್ಲದ ಬಾಯಲ್ಲಿ ಅದು ಯಾವ ಭಾಷೆಯೆಂದು
ಯಾರಿಗೂ ತಿಳಿಯುವುದಿಲ್ಲ.
ನಡುವೆ ರೈಲು ಬಂದರೆ
ಅಷ್ಟು ಹೊತ್ತು ತುಟಿಗಳು ಮಾತ್ರ ಅಲ್ಲಾಡುತ್ತವೆ.

ದೇವಸಹಾಯಂ ಮನೆಯಲ್ಲಿ ಕರೆಂಟಿರಲಿಲ್ಲ.
ಪಕ್ಕದ ಮನೆಯಲ್ಲಿತ್ತು, ಎದುರು ಮನೆಯಲ್ಲಿತ್ತು.
"ಮೇಣದ ಬೆಳಕೇ ಚಂದ" ಅಂದಳು ರೆಜಿನಮ್ಮ.
ಹೌದು ಹೌದು ಅಂದೆವು ಎಲ್ಲರೂ.
ಮಾರನೆಯ ದಿನ ಬೆಸ್ಕಾಂ ಕೌಂಟರಿನ ಸಾಲಿನಲ್ಲಿ ಅವಳನ್ನು ಕಂಡೆ,
ಕಾಣದವಳ ಹಾಗೆ ಬಂದೆ.

ಪುಸ್ತಕದ ಹಿಂದಿನ ಪುಟಗಳಲ್ಲಿ ಇನ್ನೊಂದು ಲೆಕ್ಕ:
ಸಾವಿನ ನಿಧಿ. ತಿಂಗಳಿಗೆ ಐವತ್ತು, ಮನೆಗೊಂದು ಸಾಲು.
ಮೂರು ತಿಂಗಳು ತಪ್ಪಿದರೆ ಪೆಟ್ಟಿಗೆಯ ದುಡ್ಡಿಲ್ಲ.
ನಿಯಮ ಸಭೆಯದು, ಕೈಬರಹ ನನ್ನದು.
ಮದಲೇನಮ್ಮನ ಸಾಲಿನಲ್ಲಿ ಮೂರು ಖಾಲಿ ಚೌಕ.
ನಾಲ್ಕನೆಯ ತಿಂಗಳಲ್ಲಿ ಅವಳ ಮಗ,
ಹೆಬ್ಬಾಳದ ಫ್ಲೈಓವರಿನ ಮೇಲೆ, ಇಪ್ಪತ್ತೆರಡು ವರ್ಷ,
ಬೆನ್ನ ಚೀಲದಲ್ಲಿ ಇನ್ನೂ ಬಿಸಿಯಿದ್ದ ಯಾರದೋ ಊಟ.
ಪೆಟ್ಟಿಗೆಯನ್ನು ಅವಳು ಬಳೆ ಮಾರಿ ತಂದಳು.
ಆಮೇಲೆ ಪ್ರಾರ್ಥನೆಗೆ ಬಂದದ್ದಿಲ್ಲ.
ಬಾ ಅಂತ ಕರೆದವರೂ ಇಲ್ಲ.

ಅವಳ ಹೆಸರನ್ನು ಮೂವತ್ತೊಂದಕ್ಕೆ ಬರೆದವಳು ನಾನೇ.
ಯಾಕೆ ಅಂತ ಕೇಳಬೇಡಿ.
ಆ ಸಂಜೆ ಅರ್ಧ ಜನಕ್ಕೆ ನೆಗಡಿ.
ಮಾತೆಯನ್ನು ಮಗುವಿನಂತೆ ಸೊಂಟಕ್ಕೇರಿಸಿಕೊಂಡು
ನೀರಿನ ಟ್ಯಾಂಕರಿಗೆ ದಾರಿ ಬಿಟ್ಟು
ಮೂರು ಮಹಡಿ ಹತ್ತಿದೆ.
ನನ್ನ ಮುಖ ನೋಡಲಿಲ್ಲ ಮದಲೇನಮ್ಮ.
ಮಾತೆಯನ್ನು ಇಸಿದುಕೊಂಡಳು, ಸೆರಗಿನಲ್ಲಿ ಕೆನ್ನೆಯ ಧೂಳು ಒರೆಸಿದಳು,
ಬೆರಳಿಲ್ಲದ ಜಾಗವನ್ನು ಹೆಬ್ಬೆರಳಿನಿಂದ ಸವರಿ
"ಊಟ ಆಯ್ತೇನವ್ವಾ?" ಅಂದಳು.
ನನ್ನನ್ನಲ್ಲ.
ನಾವು ಜಪಸರ ಮುಗಿಸುವ ತನಕ
ಒಲೆಯ ಕಡೆ ತಿರುಗಿ ಅನ್ನ ಬಸಿಯುತ್ತಿದ್ದಳು.

ನವೆಂಬರ್ ಒಂದಕ್ಕೆ ಇನ್ನಾಸಪ್ಪನ ಆಟೋ ತಗೊಂಡು ಹೋದೆ,
ಚರ್ಚಿಗೆ ಒಪ್ಪಿಸಬೇಕಲ್ಲ.
ಬಾಗಿಲನ್ನು ಅರ್ಧ ತೆರೆದು ಹೇಳಿದಳು:
"ನಾಳೆ ಸಮಾಧಿಗೆ ಹೋಗ್ಬೇಕು. ಇವ್ಳೂ ಬರ್ತಾಳೆ.
ಆಮೇಲೆ ನೋಡೋಣ."

ಈಗ ಡಿಸೆಂಬರು. ಗಲ್ಲಿಯಲ್ಲಿ ಕಜ್ಜಾಯದ ಪಾಕ ಕುದಿಯುವ ವಾಸನೆ,
ಹುಡುಗರು ನಕ್ಷತ್ರಕ್ಕೆ ವೈರು ಎಳೆಯುತ್ತಿದ್ದಾರೆ.
ಫಾದರ್ ಕೇಳಿದರು, ಸ್ವರೂಪ ಎಲ್ಲಮ್ಮಾ?
ಪುಸ್ತಕ ತೆರೆದೆ.
ಇದಕ್ಕೆ ಅದರಲ್ಲಿ ಕಾಲಂ ಇಲ್ಲ.
ಮೂವತ್ತೊಂದರ ಕೆಳಗೆ, ಪೆನ್ಸಿಲಿನಲ್ಲಿ, ಬರೆದೆ:
ಅಲ್ಲೇ ಇದ್ದಾಳೆ.