ಕಂತಿನ ನಗು

ಈ ಸಲದ ಹಂಗಾಮಿಗೆ ಐದು ಎಂದು ಠರಾವಾಯಿತು:
ಮೂರು ನಾಟಕ, ಒಂದು ಉಪನ್ಯಾಸ, ಒಂದು ಹಾಸ್ಯಸಂಜೆ.
ಕಾರ್ತಿಕದಿಂದ ಹೋಳಿಯ ತನಕ
ತಿಂಗಳಿಗೊಂದು, ಎರಡನೇ ಶನಿವಾರ.
ಸೊಲ್ಲಾಪುರದ ಮಿಲ್ಲಿನ ಭೋಂಗಾ ಸುಮ್ಮನಾಗಿ ಎಷ್ಟೋ ವರ್ಷ,
ಆದರೂ ನಮ್ಮ ಮಂದಿ ಬರುವುದು ಪಾಳಿ ಬಿಟ್ಟ ಮೇಲೆಯೇ.

ನಾನು ಖಜಾಂಚಿ. ಹಗಲು ಟವೆಲ್ ಕಾರ್ಖಾನೆಯಲ್ಲಿ
ಡಜನ್ನಿನ ಲೆಕ್ಕ. ರಾತ್ರಿ ಕುರ್ಚಿಯ ಲೆಕ್ಕ.

ಕರಪತ್ರ ಬೋರಾಮಣಿಯವರ ಪ್ರೆಸ್ಸಿನಲ್ಲಿ.
ಮಗ ತಂದ ಹೊಸ ಕಂಪ್ಯೂಟರಿಗೆ
ಒತ್ತಕ್ಷರ ಒಗ್ಗುತ್ತಿರಲಿಲ್ಲ.
ಕೆಳಗೆ ನೇತಾಡಬೇಕಾದ ಯಕಾರ
ಮೇಲೆ ಹತ್ತಿ ಪಕ್ಕದಲ್ಲಿ ಕೂತು
ಹಾಸ್ಯ, ಹಾಸಯ. ಉಪನ್ಯಾಸ, ಉಪನಯಾಸ.
ನಾಟಕ ಮಾತ್ರ ಗಟ್ಟಿಯಾಗಿ ನಿಂತಿತ್ತು,
ಅದರ ಕಾಲಿಗೆ ಏನೂ ಕಟ್ಟಿರಲಿಲ್ಲವಲ್ಲ.
ಸಾವಿರ ಪ್ರತಿಯಲ್ಲಿ ಇನ್ನೂರು ಪೆನ್ನಿನಿಂದ ತಿದ್ದಿದೆ.
ಉಳಿದವು ಹಾಗೇ ಹೋದವು ಮನೆಮನೆಗೆ.
ಯಾರೂ ದೂರಲಿಲ್ಲ.
ಅದೇ ನೋಯಿತು.

ನೀಲಗಂಗಾ ಮೈಂದರ್ಗಿ ಬೀಡಿ ಕಟ್ಟುತ್ತಾಳೆ.
ಮನೆಮಾತು ಕನ್ನಡ, ಸಾಲಿ ಮರಾಠಿ.
ಅವಳ ಮಾತೆಲ್ಲ ದೇವನಾಗರಿಯಲ್ಲಿ ಬರೆದುಕೊಟ್ಟೆ.
ಆ ಲಿಪಿಗೆ ನಮ್ಮ ಒ, ಓ ಎರಡೂ ಒಂದೇ ಎಂಬುದು
ನನಗೆ ಹೊಳೆದದ್ದು ಮೊದಲ ನಾಟಕದ ರಾತ್ರಿ,
ದಂಡಿಗೆ ಹೋದ ಗಂಡನ ಓಲೆಯನ್ನು ಎದೆಗೊತ್ತಿ ಅವಳು
'ಒಲೆ ಬಂತವ್ವ, ನನ್ನ ದೊರೆಯ ಒಲೆ ಬಂತು' ಎಂದಾಗ.
ಮೂರನೇ ಸಾಲಿನಿಂದ ಯಾರೋ ಕೂಗಿದರು:
'ಇಳಸವ್ವ, ಸುಟ್ಟೀತು!'
ಹಾಲ್ ಬಿದ್ದು ಬಿದ್ದು ನಕ್ಕಿತು.
ಅವಳು ತಡವರಿಸಲಿಲ್ಲ. ಕಾಗದ ನೆಲಕ್ಕಿಟ್ಟು,
ಕುಕ್ಕರಗಾಲಲ್ಲಿ ಕೂತು
ಚಳಿ ಕಾಯಿಸುವವಳ ಹಾಗೆ
ಅದರ ಮೇಲೆ ಎರಡೂ ಅಂಗೈ ಹಿಡಿದಳು.
ತಂಬಾಕಿನ ಕಂದು ಹತ್ತಿದ ಬೆರಳು.
ಬಹಳ ಹೊತ್ತು.
ಕೆಮ್ಮುವವರೂ ಕೆಮ್ಮಲಿಲ್ಲ.

ಎರಡನೇ ನಾಟಕ ಆಯಿತು. ಹೇಳುವಂಥದ್ದೇನಿಲ್ಲ.
ಮೂರನೆಯದು ಆಗಲಿಲ್ಲ, ಹಾಲ್ ಮದುವೆಗೆ ಹೋಗಿತ್ತು;
ನಮ್ಮ ಪರದೆ ಅವರ ಊಟದ ಪಂಕ್ತಿಗೆ ಅಡ್ಡ ಕಟ್ಟಿತ್ತು,
ಇನ್ನೂ ಸಾರಿನ ಕಲೆ ಹೋಗಿಲ್ಲ.

ಉಪನಯಾಸಕ್ಕೆ ಹನ್ನೊಂದು ಜನ,
ಅದರಲ್ಲಿ ಇಬ್ಬರು ಮೈಕಿನವರು.
ಮಂಗಳವೇಢೆಯ ಮೇಷ್ಟ್ರು ಹೊಲಗಳ ಹೆಸರು ಹೇಳಿದರು,
ಸಾತ್‌ಬಾರಾ ಉತಾರೆಯಲ್ಲಿ ಬರೀ ಗಟ್ ನಂಬರಾದವನ್ನು:
ಹುಣಸಿ ಪಟ್ಟಿ, ಮುದುಕಿ ಬಾವಿ ಹೊಲ, ಕುಂಟೆತ್ತಿನ ದಡ.
ಏಳುನೂರು ಜನರಿಗೆ ಹೇಳುವ ದನಿಯಲ್ಲಿಯೇ ಹೇಳಿದರು.
ಮೈಕಿನ ಹುಡುಗ ತಂತಿ ಸುತ್ತುವುದು ಬಿಟ್ಟು ಎದ್ದು ನಿಂತ.
'ನಮ್ಮದಕ್ಕ ತಂಗಿ ತೆವರಿ ಅಂತಾರ್ರೀ.
ಯಾಕಂತ ಗೊತ್ತಿಲ್ಲ.'
ಮೇಷ್ಟ್ರು ಬರೆದುಕೊಂಡರು.

ಇನ್ನು ಹಾಸ್ಯ.
ಇಂಡಿಯ ಮಡ್ಡೆಪ್ಪ ಪ್ಯಾಸೆಂಜರ್ ಹಿಡಿದು ಬಂದ,
ತಡವಾಗಿ, ಬೆವರುತ್ತ.
ಮೊದಲ ಮಾತಿಗೆ ಮುಂದಿನವರು ನಕ್ಕರು.
ಅವರು ನಕ್ಕು ಮುಗಿಸಿ, ಪಕ್ಕದವರಿಗೆ ಮರಾಠಿಯಲ್ಲಿ ಹೇಳಿ,
ನಡುವಿನವರು ನಕ್ಕರು.
ಅಲ್ಲಿಂದ ಮಾತು ಪದ್ಮಸಾಲಿ ಅತ್ತೆಯರ ಸಾಲಿಗೆ ದಾಟಿ
ತೆಲುಗಿನಲ್ಲಿ ಇಷ್ಟು ಬೆಳೆದು
ಹಿಂದಿನಿಂದ ಮೂರನೇ ಕಂತು ಬಂತು, ಬಡ್ಡಿ ಸಮೇತ.
ಅಷ್ಟರಲ್ಲಿ ಅವನು ಸಾವಿನ ಮನೆಯ ಕತೆಗೆ ಬಂದಿದ್ದ.
ಗಾಬರಿಯಾಗಿ ಧೋತರ ನೋಡಿಕೊಂಡ.
ಆಮೇಲೆ ಕಲಿತ. ಒಂದು ಮಾತು, ಒಂದು ಗುಟುಕು ನೀರು,
ಇನ್ನೊಂದು ಗುಟುಕು.
'ನಮ್ಮೂರಾಗ ಒಂದು ಮಾತಿಗೆ ಒಂದ ನಗಿ.
ನೀವು ಮೂರು ಹೊಡದೀರಿ, ಪಗಾರ ಮೂರು ಪಟ್ಟು ಕೊಡ್ರಿ!'
ಅದಕ್ಕೂ ಮೂರು.

ಕೊಟ್ಟದ್ದು ಒಂದೇ ಪಟ್ಟು, ಮೇಲೆ ಒಂದು ಚಾದರ.
ಹಂಗಾಮಿನ ತೂಟು ಮೂರು ಸಾವಿರದ ನೂರಾ ನಲವತ್ತು.
ಬಾಡಿಗೆ ಕುರ್ಚಿ ಒಂದು ಕಾಲು ಮುರಿದಿದೆ,
ಅದರ ಮಾತು ಇನ್ನೂ ಆಗಬೇಕು.

ರಾತ್ರಿ ಹನ್ನೊಂದೂವರೆ. ಕುರ್ಚಿ ಎಣಿಸಿ ಹೊರಬಿದ್ದೆ.
ವಾಚ್‌ಮನ್ ದಗಡೂ, ಸಂಜೆಯೆಲ್ಲ
ಬಾಗಿಲಲ್ಲಿ ಕಲ್ಲಿನ ಹಾಗೆ ನಿಂತಿದ್ದವನು,
ಬೀಗಕ್ಕೆ ಕೀಲಿ ತೂರಿಸಿ ಒಮ್ಮೆಲೇ ನಿಂತ.
ಭುಜ ಅಲುಗಿತು.
ಯಾವ ಮಾತು ಈಗ ಹೋಗಿ ಮುಟ್ಟಿತೋ!
ಕೀಲಿ ತಿರುಗಿಸಲಾಗದೆ, ಕಣ್ಣೊರೆಸಿಕೊಂಡು
'ಆಯೀಲಾ... ಆಯೀಲಾ...' ಎನ್ನುತ್ತ ನಗುತ್ತಲೇ ಇದ್ದ.
ನಾನು ಬ್ಯಾಟರಿ ಹಿಡಿದು ನಿಂತಿದ್ದೆ.