ವಾದಿ

ಇಲ್ಲಿ ಹಳ್ಳಕ್ಕ ವಾದಿ ಅಂತಾರ.
ನಮ್ಮ ಗದಗಿನ ಕಡೆ ವಾದಿ ಅಂದ್ರ
ಕೋರ್ಟಿನ ಮೆಟ್ಟಲ ಹತ್ತಿ ಇಳಿದು ಕೆರ ಸವಿಸಿಕೊಂಡಾವ.
ಹೊಸದಾಗಿ ಒಮಾನಿಗೆ ಬಂದಾಗ ಒಬ್ಬನೇ ನಕ್ಕಿದ್ದೆ.

ಫಕ್ಕೀರಪ್ಪ ಅನ್ನೋ ಹೆಸರು ಇವರ ಬಾಯಾಗ
ಅರ್ಧಕ್ಕ ತುಂಡಾಗಿ ಫಕೀರ್ ಆತು.
ಫಕೀರ್, ನನ್ನ ತೋಟಕ್ಕೊಂದು ಬೋರು.
ಫಕೀರ್, ಅವನದಕ್ಕಿಂತ ಹತ್ತು ಮೀಟರ್ ಆಳ.
ಹದಿನಾಕು ವರ್ಷ, ಹನ್ನೊಂದು ಪಂಪು, ಇದೇ ಕೈ.
ನೀರು ಚಿಮ್ಮಿದಾಗೆಲ್ಲ ಖರ್ಜೂರ, ಕಹ್ವಾ, ಬೆನ್ನ ಮ್ಯಾಲೊಂದು ಪೆಟ್ಟು.
ಅತ್ತ ಫಲಜಿನ ಕಾಲುವಿ
ಮೊಣಕಾಲಿಂದ ಹಿಮ್ಮಡಕ್ಕ ಇಳೀತು,
ಹಿಮ್ಮಡದಿಂದ ಒಂದು ಒದ್ದೆ ಗೆರಿಗೆ.
ಕಾಲಿಟ್ರ ಸತ್ತ ಚರ್ಮ ಚುಳುಚುಳು ತಿನ್ನೋ
ಬೆರಳುದ್ದ ಮೀನಿದ್ದವು. ಎಲ್ಲಿ ಹೋದವೋ,
ಯಾರೂ ನನ್ನ ಕೇಳಲಿಲ್ಲ.

ಕಡಿಗೆ ಒಂದು ಶುಕ್ರವಾರ ನಮಾಜು ಮುಗಿಸಿ
ನೆರಳು ಅಳೆಯೋ ಕೋಲಿನ ಸುತ್ತ ಕೂತರು.
ಖಲ್ಫಾನ್ ಮುದುಕ ನೀರಿನ ವಹಿ ಬಿಚ್ಚಿದ:
ಇವರ ಮನಿಗೆ ಅರ್ಧ ತಾಸು, ಮಸೀದಿಗೆ ಒಂದು ತಾಸು,
ಅಣ್ಣತಮ್ಮರು ಹರಿದು ಹಂಚಿಕೊಂಡ ಕಾಲು ತಾಸು.
ಬಾರದ ನೀರು, ಮುತ್ತಿನಂಥ ಅಕ್ಷರದಾಗ.

ಮಾತು ಬೆಳೀತು. ಒಬ್ಬನ ರುಮಾಲು ನೆಲಕ್ಕ ಬಿತ್ತು.
ಎಲ್ಲಾರಿಗಿಂತ ಆಳದ ಬೋರಿನಾಕಿ ಜುವೈನಾ ಎದ್ದು
"ಮೊದಲು ನಂದು ತಗೀ ಫಕೀರ್" ಅಂದಳು,
"ಆಮ್ಯಾಲ ಜಾಹಿರಂದು. ನಾ ನಿಂತು ನೋಡ್ತೇನಿ."
ನಂಬಿಕಿ ಇತ್ತಂತ ಅಲ್ಲ.
ಯಾರ ಮ್ಯಾಲ ಯಾರಿಗೆ ಸಂಶೆ ಇತ್ತೋ
ಅವರ ಕೈಯಾಗೇ ತಮ್ಮ ತಮ್ಮ ಫ್ಯೂಜು ಕೊಟ್ಟರು.
ಹಳ್ಳದ ಪಾತ್ರಕ್ಕ ಚಾಚಿದ್ದ ಗ್ವಾಡಿ
ಜಾಹಿರ್ ತಾನೇ ಕೆಡವಿದ;
ಅದೇ ಕಲ್ಲು ಎಲ್ಲಾರೂ ಹೊತ್ತು ಮ್ಯಾಲ ಒಡ್ಡು ಹಾಕಿದ್ರು.

ಹತ್ತು ತಗದೆ. ಕೂಲಿ ತಗೊಂಡೆ, ಇಳಿಸಿದ್ದರ ಅರ್ಧ.
ಹನ್ನೊಂದನೇದು ಮುಹನ್ನಾಂದು, ರಾತ್ರಿ ಇನ್ನೂ ಗುರ್ ಅಂತೈತಿ.
ಅವಗೂ ಆಡು ಅದಾವ, ಸಣ್ಣ ಗಿಡ ಅದಾವ.
ಯಾರೂ ಬೈಯಲಿಲ್ಲ. ಅವನ ಹೆಸರಿನ ಪಾಳಿ
ವಹಿಯಾಗ ಖಾಲಿ ಬಿಟ್ಟು ಕಾಯ್ತಾರ.

ಎರಡು ಮಳಿ ಆದ ಮ್ಯಾಲ, ಒಂದು ನಸುಕಿನಾಗ
ಕಾಲುವ್ಯಾಗ ಬಿದ್ದ ಪಾನಾ ಹುಡುಕ್ತಿದ್ದೆ.
ವಾದಿ ಬಂದ.
ಹೇಳಿಕಿ ಕೊಡಲಿಲ್ಲ,
ನನ್ನ ಕಡೆ ಬೆರಳು ತೋರಿಸಲಿಲ್ಲ.
ಹಿಮ್ಮಡ ತೊಯ್ಸಿ
ತೋಟದ ಕಡೆ ನಡೆದ.

ಮೀನಿನ ಸುದ್ದಿ ಇನ್ನೂ ಇಲ್ಲ.